ಎಣ್ಣೆಯಿಲ್ಲದ ಸಾರು: ಸಿಲ್ಹೆಟ್‌ನ ಹುಟ್ಕಿ ಶಿರಾ ಮತ್ತು ಬರಾಕ್–ಸುರ್ಮಾ ಕಣಿವೆಯ ಆಹಾರ ಪರಂಪರೆ

ಬಂಗಾಳಿ ಅಡುಗೆಯನ್ನು ಕುರಿತ ಬರಹಗಳಲ್ಲಿ ಸಾಸಿವೆ ಎಣ್ಣೆಗೂ ತಾಜಾ ಮೀನಿಗೂ ಮೊದಲ ಸ್ಥಾನ. ಹುದುಗಿಸಿದ ಮೀನನ್ನು ತರಕಾರಿಗಳೊಡನೆ ಬೇಯಿಸುವ ‘ಹುಟ್ಕಿ ಶಿರಾ’ದಲ್ಲಿ ಇವೆರಡೂ ಹಿಂದೆ ಸರಿಯುತ್ತವೆ. ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶದ ಈ ಸಾರಿಗೆ ಒಗ್ಗರಣೆಯಿಲ್ಲ, ಎಣ್ಣೆಯ ಹನಿಯೂ ಬೀಳುವುದಿಲ್ಲ. ಇದನ್ನು ಬಡವರ ಅನಿವಾರ್ಯದ ಅಡುಗೆಯೆಂದು ಬದಿಗಿಡುವುದು ಸರಿಯಲ್ಲ. ಭಾಷೆಯಿಂದ ಬಂಗಾಳಿಯಾದ ಈ ಖಾದ್ಯ ತನ್ನ ರಚನೆಯಲ್ಲಿ ಬರಾಕ್–ಸುರ್ಮಾ ನದಿಗಳ ಹರಿವಿಗೂ ಅದರ ಸುತ್ತಲಿನ ಗುಡ್ಡಗಾಡಿಗೂ ಸೇರಿದ್ದು ಎಂಬುದು ಈ ಲೇಖನದ ವಾದ.

1. ನೀರಿನ ಪಂಚಾಂಗ

ಮಣಿಪುರದ ಬೆಟ್ಟಗಳಲ್ಲಿ ಹುಟ್ಟುವ ಬರಾಕ್ ನದಿ ಅಸ್ಸಾಮಿನ ಕಛಾರ್ ಬಯಲನ್ನು ದಾಟಿ ಸುರ್ಮಾ, ಕುಶಿಯಾರಾ ಎಂದು ಕವಲೊಡೆದು ಮುಂದೆ ಮೇಘನಾ ಆಗುತ್ತದೆ. ಈ ಹಾದಿಯ ತಗ್ಗುನೆಲಗಳೇ ‘ಹಾವರ್’ಗಳು. ಮೇಘಾಲಯದ ಮಳೆಯ ನೀರು ಇಳಿದು ಬಂದಾಗ ಸುನಾಮ್‌ಗಂಜ್, ಹಬಿಗಂಜ್, ಕಿಶೋರ್‌ಗಂಜ್ ಮೊದಲಾದ ಜಿಲ್ಲೆಗಳ ಬಯಲು ತಿಂಗಳುಗಟ್ಟಲೆ ಕೆರೆಯಂತೆ ತುಂಬಿ ನಿಲ್ಲುತ್ತದೆ. 2000ದಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಟಾಂಗುವಾರ್ ಹಾವರ್ ಇಂಥ ಜೌಗುನೆಲಗಳಲ್ಲೊಂದು. ಮಳೆಗಾಲ ಮುಗಿದು ನೀರು ಇಳಿಯತೊಡಗಿದಾಗ ಸಣ್ಣ ಮೀನು ರಾಶಿಯಾಗಿ ಬಲೆಗೆ ಬೀಳುತ್ತದೆ. ಕೆಲವೇ ತಿಂಗಳ ಈ ಸಮೃದ್ಧಿಯನ್ನು ವರ್ಷಕ್ಕೆ ಹಂಚಿಕೊಳ್ಳುವ ಉಪಾಯವೇ ಹುದುಗಿಸುವಿಕೆ.

2. ಮಡಕೆಯೊಳಗಿನ ವಿದ್ಯೆ

ಹುದುಗಿಸಲು ಹೆಚ್ಚಾಗಿ ಬಳಸುವುದು ಪುಂಟಿ ಎಂಬ ಸಣ್ಣ ಮೀನನ್ನು (ಪುಂಟಿಯಸ್ ಸೊಫೋರ್). ಹೊಟ್ಟೆ ಸೀಳಿ, ಕರುಳು ತೆಗೆದು ಬಿಸಿಲಿಗೆ ಒಣಗಿಸುತ್ತಾರೆ. ಕರುಳನ್ನು ಎಸೆಯದೆ ಕಾಯಿಸಿ ಎಣ್ಣೆ ತೆಗೆಯುತ್ತಾರೆ. ಆ ಎಣ್ಣೆಯನ್ನೋ ಸಾಸಿವೆ ಎಣ್ಣೆಯನ್ನೋ ಮಣ್ಣಿನ ಮಡಕೆಗೆ ಮತ್ತೆಮತ್ತೆ ಸವರಿ ಒಣಗಿಸಿದರೆ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿ, ಗಾಳಿ ಒಳನುಗ್ಗುವುದು ತಪ್ಪುತ್ತದೆ. ಒಣಗಿದ ಮೀನನ್ನು ತುಸು ನೆನೆಸಿ, ನೀರು ಬಸಿದು, ಎಡೆ ಉಳಿಯದಂತೆ ಒತ್ತಿ ತುಂಬುತ್ತಾರೆ. ಬಾಯಿಗೆ ಮೀನಿನ ಪುಡಿಯ ಕಣಕ ಮೆತ್ತಿ, ಮೇಲೆ ಮಣ್ಣು ಬಳಿದು, ಮೂರರಿಂದ ಆರು ತಿಂಗಳು ಬಿಡುತ್ತಾರೆ. ಆ ಅವಧಿಯಲ್ಲಿ ಮೀನಿನ ಕಿಣ್ವಗಳೂ ಸೂಕ್ಷ್ಮಾಣುಗಳೂ ಪ್ರೋಟೀನನ್ನು ಒಡೆದು ಅಮೈನೋ ಆಮ್ಲಗಳನ್ನು ಬಿಡಿಸುತ್ತವೆ. ಗಾಢ ರುಚಿ ಹುಟ್ಟುವುದು ಇದರಿಂದ.

ನಮ್ಮ ಕರಾವಳಿಯ ಒಣಮೀನನ್ನು ಬಲ್ಲ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ: ಸಾಂಪ್ರದಾಯಿಕ ವಿಧಾನದಲ್ಲಿ ಈ ಮಡಕೆಗೆ ಉಪ್ಪು ಬೀಳುವುದಿಲ್ಲ. ಕಡಲಂಚಿನಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಬಿಸಿಲು, ಎಣ್ಣೆ ಹೀರಿದ ಮಣ್ಣು ಮತ್ತು ಗಾಳಿಯ ತಡೆ ಸೇರಿ ಮಾಡುತ್ತವೆ. ಕಡಲಿನಿಂದ ದೂರದ ಸಿಹಿನೀರಿನ ನಾಡಿಗೆ ಇದು ತಕ್ಕ ತಂತ್ರಜ್ಞಾನ.

3. ಒಲೆಯ ಮೇಲೆ

ಹೀಗೆ ಸಿದ್ಧವಾದ ಮೀನು ‘ಹಿದಲ್’. ಬದನೆ, ಸಿಹಿಗುಂಬಳ, ಹರಿವೆ ದಂಟು, ಕೆಸು, ಹಲಸಿನ ಬೀಜ ಎಂದು ಆಯಾ ಕಾಲಕ್ಕೆ ಸಿಕ್ಕ ತರಕಾರಿಯನ್ನು ಈರುಳ್ಳಿ, ಬೆಳ್ಳುಳ್ಳಿ, ಅರಿಸಿನ, ಉಪ್ಪು ಹಾಕಿ ನೀರಿನಲ್ಲಿ ಬೇಯಿಸುತ್ತಾರೆ. ಬಿಸಿನೀರಿನಲ್ಲಿ ತೊಳೆದ ಹಿದಲ್ ಅದರೊಡನೆ ಬೆಂದು ಕರಗಿ ಸಾರಿಗೆ ಮೈ ಕೊಡುತ್ತದೆ. ಕೆಲವರು ಸಿಗಡಿಯನ್ನೋ ತಾಜಾ ಮೀನನ್ನೋ ಸೇರಿಸುವುದುಂಟು. ಕೊನೆಗೆ ನಾಗಾ ಮೆಣಸಿನಕಾಯಿಯ ಖಾರ ಮತ್ತು ಘಮ. ಇಲ್ಲಿ ಮೀನು ತುಂಡಾಗಿ ತಟ್ಟೆಗೆ ಬರುವುದಕ್ಕಿಂತ ಹೆಚ್ಚಾಗಿ ಮಸಾಲೆಯ ಸ್ಥಾನದಲ್ಲಿ ನಿಲ್ಲುತ್ತದೆ. ಆದ್ದರಿಂದಲೇ ಸ್ವಲ್ಪ ಮೀನು ಇಡೀ ಮನೆಯ ಅನ್ನಕ್ಕೆ ಸಾಕಾಗುತ್ತದೆ.

ಈ ಕ್ರಮಕ್ಕೆ ಹತ್ತಿರದ ನೆಂಟರು ಕೋಲ್ಕತ್ತದಲ್ಲಿಲ್ಲ. ಮಣಿಪುರದ ಮೈತೇಯಿಗಳು ‘ಙಾರಿ’ ಎಂಬ ಹುದುಗಿಸಿದ ಮೀನನ್ನು ಬೆಂದ ತರಕಾರಿ, ಮೆಣಸಿನಕಾಯಿಯೊಡನೆ ಹಿಸುಕಿ ‘ಎರೊಂಬಾ’ ಮಾಡುತ್ತಾರೆ. ತ್ರಿಪುರಾದ ಕೊಕ್‌ಬೊರೊಕ್ ಭಾಷಿಕರು ‘ಬೆರ್ಮಾ’ ಎಂಬ ಹುದುಗಿಸಿದ ಮೀನು ಹಾಕಿ ‘ಗುದೊಕ್’ ಮಾಡುತ್ತಾರೆ. ಮೂರರಲ್ಲೂ ಹುದುಗಿದ ಮೀನು, ನೀರಿನಲ್ಲಿ ಬೆಂದ ತರಕಾರಿ, ಕಟು ಖಾರ. ಮೂರಕ್ಕೂ ಎಣ್ಣೆ ಬೇಕಿಲ್ಲ. ಯಾರು ಯಾರಿಂದ ಕಲಿತರೆಂಬ ಪೈಪೋಟಿಗಿಂತ, ನೆರೆಹೊರೆಯ ಸಮುದಾಯಗಳು ಒಂದೇ ಪರಿಸರಕ್ಕೆ ಕೊಟ್ಟ ಒಂದೇ ಬಗೆಯ ಉತ್ತರವಾಗಿ ಇವನ್ನು ನೋಡುವುದು ಹೆಚ್ಚು ಫಲದಾಯಕ.

4. ಗಡಿ ಮತ್ತು ವಲಸೆ

ಆಡಳಿತದ ಗಡಿಗಳು ಈ ನೆಲವನ್ನು ಹಲವು ಸಲ ತುಂಡರಿಸಿವೆ. 1874ರಲ್ಲಿ ಸಿಲ್ಹೆಟ್ ಅಸ್ಸಾಮಿಗೆ ಸೇರಿತು. 1947ರ ಜುಲೈ ಜನಮತಗಣನೆಯ ಬಳಿಕ ಅದರ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಹೋಗಿ, ಕರೀಂಗಂಜ್ ಭಾಗ ಭಾರತದಲ್ಲಿ ಉಳಿಯಿತು. ಅಡುಗೆ ಮಾತ್ರ ಸಿಲ್ಚರ್, ಕರೀಂಗಂಜ್‌ಗಳಲ್ಲೂ ಮುಂದುವರಿಯಿತು. ಬ್ರಿಟನ್ನಿನಲ್ಲಿ ‘ಇಂಡಿಯನ್’ ಹೋಟೆಲುಗಳನ್ನು ಕಟ್ಟಿ ಬೆಳೆಸಿದವರಲ್ಲಿ ಸಿಲ್ಹೆಟಿಗಳದೇ ದೊಡ್ಡ ಪಾಲು. ಗಿರಾಕಿಗಳಿಗೆ ಅವರು ಬಡಿಸಿದ್ದು ಕೋರ್ಮಾ, ಮದ್ರಾಸ್ ಕರಿ. ಹುಟ್ಕಿ ಶಿರಾ ಮನೆಯ ಊಟಕ್ಕೆ ಉಳಿಯಿತು. ಹೋಟೆಲಿನ ಪಟ್ಟಿಯನ್ನಷ್ಟೇ ಆಧರಿಸಿ ಆಹಾರದ ಚರಿತ್ರೆ ಬರೆಯುವವರಿಗೆ ಇದು ಎಚ್ಚರಿಕೆ.

ಉಪಸಂಹಾರ

ಒಂದು ಖಾದ್ಯವನ್ನು ಭಾಷೆ ಅಥವಾ ರಾಷ್ಟ್ರದ ಹೆಸರಿನಿಂದ ಮಾತ್ರ ಗುರುತಿಸಿದರೆ ಅದರ ನೆಲ, ನೀರು, ನೆರೆಹೊರೆ ಮರೆಯಾಗುತ್ತವೆ. ಹುಟ್ಕಿ ಶಿರಾವನ್ನು ಅರಿಯಲು ಬಂಗಾಳದ ಅಡುಗೆಪುಸ್ತಕಗಳ ಜೊತೆಗೆ ಬರಾಕ್ ಕಣಿವೆಯ ಭೂಪಟವೂ ಬೇಕು. ಹಾವರ್‌ಗಳ ಸಣ್ಣ ಮೀನು ಉಳಿದರಷ್ಟೇ ಈ ಪರಂಪರೆ ಉಳಿಯುತ್ತದೆ. ಆದ್ದರಿಂದ ಆಹಾರ ಅಧ್ಯಯನವೂ ಜೌಗುನೆಲಗಳ ಸಂರಕ್ಷಣೆಯೂ ಇಲ್ಲಿ ಒಂದೇ ಕೆಲಸದ ಎರಡು ಭಾಗಗಳು.