ಮನೆಯೊಡನೆ ಬಡಾವಣೆ: ಬೆಂಗಳೂರಿನಿಂದ ಹೊಸೂರಿಗೊಂದು ಪಾಠ

ಊರ ಹೊರಗೆ ನಿವೇಶನ ಕೊಂಡು ಮನೆ ಕಟ್ಟಿದವರನ್ನು ನಮ್ಮ ಹಿರಿಯರು ಮೊದಲು ಕೇಳುತ್ತಿದ್ದುದು, “ನೀರಿಗೇನು ಮಾಡಿದ್ದೀರಿ? ಮಕ್ಕಳಿಗೆ ಶಾಲೆ ಎಷ್ಟು ದೂರ?” ಎಂದು. ಕೋಣೆಗಳೆಷ್ಟು ಎಂಬ ವಿಚಾರ ಆಮೇಲಿನದು. ನೆರೆಯ ಬೆಂಗಳೂರಿನ ಬಡಾವಣೆಗಳ ಚರಿತ್ರೆಯನ್ನು ಅವಲೋಕಿಸಿದರೆ ಆ ಪ್ರಶ್ನೆಯ ಔಚಿತ್ಯ ಮನದಟ್ಟಾಗುತ್ತದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕು ಸುಳಿಯದ ಮನೆಗಳಲ್ಲಿ ಅದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಈ ಸಂಕಟದ ಫಲವಾಗಿ ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ರೂಪುಗೊಂಡವು. ಅಗಲವಾದ ನೇರ ಬೀದಿಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಮನೆಗಳ ಹಿಂಬದಿಯಲ್ಲಿ ಕಸ ಮಲಗಳನ್ನು ಸಾಗಿಸಲು ಕಿರು ಓಣಿ: ಇದು ಅಲ್ಲಿಯ ವಿನ್ಯಾಸ. ಆ ಓಣಿಗಳಲ್ಲಿ ದುಡಿದು ಬಡಾವಣೆಯ ಆರೋಗ್ಯ ಕಾಪಾಡಿದವರ ಹೆಸರುಗಳನ್ನು ಯಾವ ಬೀದಿಗೂ ಇಡಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹೆಸರಘಟ್ಟದ ನೀರು 1890ರ ದಶಕದಲ್ಲಿಯೇ ನಗರಕ್ಕೆ ಹರಿದಿತ್ತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. ಗುಡಿ, ಶಾಲೆ, ಗಾಂಧಿ ಬಜಾರು, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದುದರಿಂದ ಅಲ್ಲಿನ ಸಂಸಾರಗಳ ಬದುಕು ಮನೆಯ ಹೊಸ್ತಿಲಿಗೇ ನಿಲ್ಲಲಿಲ್ಲ.

ಸ್ವಾತಂತ್ರ್ಯಾನಂತರದ ಜಯನಗರದೊಡನೆ ನಮ್ಮ ತಾಲೂಕಿಗೂ ಒಂದು ನಂಟುಂಟು. 1948ರಲ್ಲಿ ಅದಕ್ಕೆ ಅಡಿಗಲ್ಲಿಟ್ಟವರು ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು. ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ 1878ರಲ್ಲಿ ಜನಿಸಿದವರು. ಆ ನೆನಪಿನ ಅಶೋಕ ಸ್ತಂಭ ಇಂದಿಗೂ ಅಲ್ಲಿದೆ. ಬಡಾವಣೆಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಮನೆಗಳ ನಡುವೆ ಉದ್ಯಾನ, ಆಟದ ಬಯಲು, ಶಾಲೆಗಳಿಗೆ ಎಡೆ ಮಾಡಲಾಯಿತು. ನಾಲ್ಕನೆಯ ಬ್ಲಾಕಿನಲ್ಲಿ ಮುಂದೆ ಮಾರುಕಟ್ಟೆಯ ಸಂಕೀರ್ಣವೂ ಬಸ್ ನಿಲ್ದಾಣವೂ ಬಂದವು.

ಈಗ ನಮ್ಮೂರಿನತ್ತ ತಿರುಗೋಣ. 1970ರ ದಶಕದಲ್ಲಿ ಕೈಗಾರಿಕೆಗಳು ಬಂದ ಮೇಲೆ ಹೊಸೂರು ಹೊಲಗಳನ್ನು ದಾಟಿ ಬೆಳೆಯಿತು. ನಾನೂ ನಿವೃತ್ತಿಯ ಹಣದಿಂದ ಊರಂಚಿನಲ್ಲಿ ಮನೆ ಕಟ್ಟಿದೆ. ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿದ್ದ ಉದ್ಯಾನದ ಜಾಗ ಇಂದಿಗೂ ಲಂಟಾನ ಪೊದೆಯೇ ಆಗಿದೆ. ನೀರಿನ ಟ್ಯಾಂಕರು ತಡವಾದ ದಿನ ಅಕ್ಕಪಕ್ಕದವರು ಬೀದಿಗೆ ಬಂದು ಮಾತನಾಡುತ್ತೇವೆ. ಮಿಕ್ಕ ದಿನಗಳಲ್ಲಿ ಸೇರಲು ಒಂದು ಜಗುಲಿಯೂ ಇಲ್ಲ. ನನ್ನ ಮೊಮ್ಮಗಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಆದರೆ ಬಸ್ಸಿನ ಮೇಲಿನ ಕನ್ನಡ ಫಲಕವನ್ನು ಓದಲಾರಳು. ನಾಲ್ಕು ದಶಕ ಪಾಠ ಹೇಳಿದವನ ಮನೆಯಲ್ಲೇ ಹೀಗಾಯಿತಲ್ಲ ಎಂಬ ಸಂಕೋಚ ನನ್ನನ್ನು ಬಿಟ್ಟಿಲ್ಲ.

ಭಾಷೆಗೂ ನಲ್ಲಿ ನೀರಿನಂತೆ ಮನೆಯ ಹತ್ತಿರವೇ ಒಂದು ನೆಲೆ ಬೇಕು. ವರ್ಷಕ್ಕೊಮ್ಮೆ ಸಮ್ಮೇಳನ ನಡೆಸಿದರೆ ಸಾಲದು. ಮಕ್ಕಳು ಸಂಜೆ ನಡೆದು ಬಂದು ಕುಳಿತು ಓದಬಲ್ಲ ಕೋಣೆಯೊಂದು ಪ್ರತಿ ಬಡಾವಣೆಯಲ್ಲಿಯೂ ಇರಬೇಕು. ಸಂಘವು ಪುಸ್ತಕಗಳನ್ನು ಒದಗಿಸುವುದಾದರೆ ನನ್ನ ಮನೆಯ ಮುಂಗೋಣೆಯನ್ನು ಇದಕ್ಕಾಗಿ ಬಿಟ್ಟುಕೊಡಲು ಸಿದ್ಧನಿದ್ದೇನೆ. ಬಂಧುಗಳು ತಮ್ಮ ತಮ್ಮ ಬೀದಿಗಳಲ್ಲಿಯೂ ಇಂಥ ಎಡೆಯೊಂದನ್ನು ಹುಡುಕಬೇಕೆಂದು ವಿನಂತಿಸುತ್ತೇನೆ.