ಹೊಳಿ ಕೆರಳುವ ಜಾಗದ ಲೆಕ್ಕ

ಹುಕ್ಕೇರಿ ತಾಲೂಕಿನ ಹಿಡಕಲ್ ಆಣೆಕಟ್ಟು ದಾಟಿ ಬರುವ ಘಟಪ್ರಭೆ ಗೋಕಾಕದ ಹತ್ತಿರ 52 ಮೀಟರ್ ಕೆಳಗೆ ಬೀಳುತ್ತಾಳೆ. ಆ ನೀರಿನ ಬಲದಿಂದಲೇ 1887ರಲ್ಲಿ ಹತ್ತಿಯ ಗಿರಣಿ ತಿರುಗಿತು. ಗಿರಣಿ ಕಟ್ಟಿಸಿದ ಕಂಪನಿಯ ಹೆಸರು ಚರಿತ್ರೆಗೆ ಗೊತ್ತು. ಬಂಡಿ ಒಡೆದ ಮಂದಿಯ ಹೆಸರು?

ನಯವಾಗಿ ಹರಿಯುವ ಹೊಳಿ ಎಲ್ಲಿ ಕೆರಳುತ್ತದೆ, ಯಾಕೆ ಕೆರಳುತ್ತದೆ? ನೀರಿಗೂ ಗಾಳಿಗೂ ಒಂದೇ ಪ್ರಶ್ನೆ. ಇದನ್ನು ಹಿಡಿದು ಬದುಕು ತೇಯ್ದವರು ರೊದ್ದಂ ನರಸಿಂಹ. 1933ರಲ್ಲಿ ಹುಟ್ಟಿದ ಅವರು 1953ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜಿನಿಂದ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಹೊರಬಂದರು. ಟಾಟಾ ಇನ್‌ಸ್ಟಿಟ್ಯೂಟು ಜನರಿಗೆ ಬಾಗಿಲು ತೆರೆದ ಒಂದು ದಿನ ಅಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನ ನೋಡಿದರು, ದಾರಿ ಬದಲಾಯಿತು.

ವಿಮಾನದ ರೆಕ್ಕೆಗೆ ಅಂಟಿ ಸಾಗುವ ಗಾಳಿಯ ತೆಳು ಪದರು ಒಮ್ಮೆಲೇ ಕೆರಳುವುದಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿ ಏಳುತ್ತದೆ. ಚುಕ್ಕಿಗಳು ಬೆಳೆದು, ಒಂದಕ್ಕೊಂದು ಕೂಡಿ, ಇಡೀ ಪದರನ್ನೇ ಕಲಕುತ್ತವೆ. ಈ ಚುಕ್ಕಿಗಳು ಒಂದು ಗೆರೆಯ ಆಸುಪಾಸಿನಲ್ಲೇ ಹುಟ್ಟುತ್ತವೆಂದು ಹಿಡಿದರೆ ಲೆಕ್ಕ ಪ್ರಯೋಗಕ್ಕೆ ಕೂಡುತ್ತದೆಂದು 1957ರಲ್ಲಿ ಅವರು ತೋರಿಸಿದರು. ಗೆಳೆಯರೇ, ಚಳವಳಿ ಕಟ್ಟುವ ನಮಗೆ ಈ ಮಾತು ಹೊಸದೇನಲ್ಲ!

ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಟಾಟಾ ಇನ್‌ಸ್ಟಿಟ್ಯೂಟಿಗೇ ಪಾಠ ಹೇಳಲು ಬಂದರು. 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರು. 1959ರಲ್ಲಿ ಹುಟ್ಟಿದ ಈ ಸರ್ಕಾರಿ ಪ್ರಯೋಗಾಲಯದ ದೊಡ್ಡ ಗಾಳಿ ಸುರಂಗ 1967ರಿಂದ ದೇಶದ ವಿಮಾನ, ರಾಕೆಟ್ಟುಗಳ ಮಾದರಿಗಳನ್ನು ಪರೀಕ್ಷಿಸಿದೆ. ಹೊರದೇಶದ ಸೂಪರ್ ಕಂಪ್ಯೂಟರ್ ಕೈಗೆ ಸಿಗುವುದು ಕಷ್ಟವಿದ್ದ ಕಾಲದಲ್ಲಿ, 1986ರಲ್ಲಿ, ಸಣ್ಣ ಪ್ರೊಸೆಸರುಗಳನ್ನು ಜೋಡಿಸಿ 'ಫ್ಲೋಸಾಲ್ವರ್' ಕಟ್ಟಿದ್ದೂ ಅಲ್ಲೇ. ಒಬ್ಬನಿಗೆ ಎತ್ತಲಾಗದ ಹೊರೆಯನ್ನು ಹತ್ತು ಆಳು ಹಂಚಿಕೊಂಡ ಹಾಗೆ.

ನಮಗೆ ಮುಖ್ಯವಾದದ್ದು ಇನ್ನೊಂದಿದೆ. 1985ರಲ್ಲಿ ಅವರು ಹೈದರ್, ಟಿಪ್ಪು ಕಾಲದ ರಾಕೆಟ್ಟುಗಳ ಚರಿತ್ರೆ ಬರೆದರು. ಕಾಗದದ ಕೊಳವೆ ತಾಳದ ಒತ್ತಡವನ್ನು ಮೈಸೂರಿನ ಕಬ್ಬಿಣದ ಕೊಳವೆ ತಾಳಿತು. ಅದಕ್ಕೇ ರಾಕೆಟ್ಟು ದೂರ ಹಾರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿಗೆ ಹೋದವು. ಅಲ್ಲಿ ಗಣಿತ, ಕಾರ್ಖಾನೆ ಎರಡೂ ಸೇರಿ ಅವನ್ನು ಬೆಳೆಸಿದವು. ಇಲ್ಲಿ ಕಬ್ಬಿಣ ಬಡಿಯುವ ಕೈಗೆ ಓಲೆಗರಿ ಮುಟ್ಟುವ ಹಕ್ಕಿರಲಿಲ್ಲ. ಓಲೆಗರಿ ಹಿಡಿದ ಕೈಗೆ ಸುತ್ತಿಗೆ ಮುಟ್ಟುವ ಮನಸ್ಸಿರಲಿಲ್ಲ. ಸೋತದ್ದು ಟಿಪ್ಪು ಒಬ್ಬನೇ ಅಲ್ಲ. ಕೈ ಮತ್ತು ತಲೆಯ ನಡುವೆ ಜಾತಿಯ ಗೋಡೆ ಎಬ್ಬಿಸಿದ ಸಮಾಜವೂ ಸೋತಿತು.

ನರಸಿಂಹರ ತಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದರು, ಕನ್ನಡದಲ್ಲಿ ವಿಜ್ಞಾನ ಬರೆಯುತ್ತಿದ್ದರು. ಅದು ತಪ್ಪಲ್ಲ, ಮಗನ ಪ್ರತಿಭೆಯೂ ಸುಳ್ಳಲ್ಲ. ಆದರೆ ನಮ್ಮ ಮನೆಗಳಲ್ಲಿ ಮೊದಲು ಬಂದ ಪುಸ್ತಕ ನಾವೇ ತಂದದ್ದು. ಪ್ರತಿಭೆಗೆ ಬೀಜ ಒಂದೇ ಸಾಕೇನು, ಹದವಾದ ಹೊಲ ಬೇಡವೇ? ಮೂಡಲಗಿಯ ಕಬ್ಬಿನ ಗದ್ದೆಯಲ್ಲಿ ನೀರು ತಿರುವುವ ಹುಡುಗಿಗೆ ಹರಿವಿನ ಗುಣ ಗೊತ್ತು. ಅದರ ಲೆಕ್ಕ ಹೇಳಿಕೊಡುವವರಿಲ್ಲ.

ನರಸಿಂಹ 2020ರ ಡಿಸೆಂಬರ್ 14ರಂದು ತೀರಿಕೊಂಡರು. ಪ್ರಯೋಗಾಲಯಗಳು ಉಳಿದಿವೆ. ಅವು ನಡೆಯುವುದು ಬೆಂಕಿಪೊಟ್ಟಣ ಕೊಂಡವರೂ ಕಟ್ಟಿದ ತೆರಿಗೆಯಿಂದ. ಒಂದು ದಿನ ತೆರೆದ ಬಾಗಿಲು ಒಬ್ಬ ಹುಡುಗನನ್ನು ಅಷ್ಟು ದೂರ ಒಯ್ದಿದ್ದರೆ, ಹಳ್ಳಿ ಶಾಲೆಯ ಮಾಸ್ತರರೇ, ಆ ಬಾಗಿಲನ್ನು ನಮ್ಮ ಮಕ್ಕಳಿಗಾಗಿ ಬಡಿಯೋಣ. ತೆರೆಯುವ ತನಕ ಬಡಿಯೋಣ.