ಕಟ್ಟಿರುವೆಯ ನಾಮಕರಣ

ಬೆಲ್ಲದ ಡಬ್ಬಿಯ ಮುಚ್ಚಳ ಕೊಂಚ ಸಡಿಲವಾದರೆ ಸಾಕು, ಎಲ್ಲಿಂದಲೋ ವಾಸನೆ ಹಿಡಿದು ಬರುವ ದೊಡ್ಡ ಕರಿಯ ಇರುವೆಗೆ ಕನ್ನಡದಲ್ಲಿ ಹೆಸರಿನ ಬಡತನವಿಲ್ಲ. ಒಂದು ಕಡೆ ಅದು ಗೊದ್ದ, ಇನ್ನೊಂದು ಕಡೆ ಕಟ್ಟಿರುವೆ; ಬೇರೇನೂ ತೋಚದವರಿಗೆ ಬರಿಯ ಕಪ್ಪಿರುವೆ. ಶಾಸ್ತ್ರಜ್ಞರ ದಫ್ತರದಲ್ಲಿ ಅದರ ಹೆಸರು ‘ಕಾಂಪೊನೋಟಸ್ ಕಂಪ್ರೆಸಸ್’. ಇಂಗ್ಲಿಷ್ ಬಲ್ಲವರು ಈ ಕುಲದ ಇರುವೆಗಳನ್ನೆಲ್ಲ ‘ಕಾರ್ಪೆಂಟರ್ ಆಂಟ್’, ಎಂದರೆ ಬಡಗಿ ಇರುವೆ ಎಂದು ಕರೆಯುತ್ತಾರೆ. ನಮ್ಮ ಗೊದ್ದ ಮರಗೆಲಸ ಮಾಡಿದ್ದನ್ನು ಕಂಡವರುಂಟೆ? ಅದು ನೆಲ ಅಗೆಯುವ ಪ್ರಾಣಿ. ಸಾಮಾನ್ಯವಾಗಿ ಮರದ ಬುಡದ ಮಣ್ಣಿನಲ್ಲಿ ಗೂಡು ತೋಡಿಕೊಂಡು ವಾಸಿಸುತ್ತದೆ. ಬಡಗಿಯ ಬಿರುದು ಅದಕ್ಕೆ ಅಂಟಿಕೊಂಡದ್ದು ಹೇಗೆಂಬುದು ಇನ್ನೂರು ವರ್ಷಗಳಿಗೂ ಮಿಕ್ಕ ಕಥೆ.

ಕಥೆಯ ಆರಂಭ ಡೆನ್ಮಾರ್ಕಿನಲ್ಲಿ. ಲಿನೇಯಸನ ಶಿಷ್ಯ, ಕೀಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಯೋಹಾನ್ ಕ್ರಿಶ್ಚಿಯನ್ ಫಾಬ್ರಿಸಿಯಸ್ ಆ ಕಾಲದ ಕೀಟಶಾಸ್ತ್ರದ ಸಾರ್ವಭೌಮ. ತಮಿಳು ಕರಾವಳಿಯ ತರಂಗಂಬಾಡಿ ಆಗ ಡೇನರ ವಸಾಹತು. ಅಲ್ಲಿಂದ ಹಡಗಿನಲ್ಲಿ ಯೂರೋಪಿಗೆ ಹೋದದ್ದು ಬಟ್ಟೆ, ಮೆಣಸು ಮಾತ್ರವಲ್ಲ. ಸೂಜಿಗೆ ಚುಚ್ಚಿದ ಹುಳುಹುಪ್ಪಟೆಗಳೂ ಹೋದುವು. ಲಿನೇಯಸನ ಇನ್ನೊಬ್ಬ ಶಿಷ್ಯ, ವೈದ್ಯ ಕೋನಿಗ್, ೧೭೬೮ರಲ್ಲಿ ತರಂಗಂಬಾಡಿಗೆ ಬಂದವನು, ೧೭೮೫ರಲ್ಲಿ ತೀರಿಕೊಳ್ಳುವವರೆಗೂ ದಕ್ಷಿಣ ಭಾರತದ ಗಿಡಗಳನ್ನೂ ಕೀಟಗಳನ್ನೂ ಸಂಗ್ರಹಿಸುತ್ತಿದ್ದ. ಫಾಬ್ರಿಸಿಯಸ್ ವರ್ಣಿಸಿದ ಭಾರತದ ಕೀಟಗಳಲ್ಲಿ ಅನೇಕವು ತರಂಗಂಬಾಡಿಯವು. ೧೭೮೭ರಲ್ಲಿ ಆತ ಪ್ರಕಟಿಸಿದ ‘ಮಾಂಟಿಸಾ ಇನ್ಸೆಕ್ಟೋರಂ’ ಗ್ರಂಥದಲ್ಲಿ ನಮ್ಮ ಇರುವೆ ‘ಫಾರ್ಮೈಕಾ ಕಂಪ್ರೆಸಾ’ ಎಂಬ ಹೆಸರಿನಿಂದ ಮೊದಲ ಬಾರಿಗೆ ಕಾಣಿಸಿಕೊಂಡಿತು. ಕಂಪ್ರೆಸಾ ಎಂದರೆ ಎರಡು ಪಕ್ಕಗಳಿಂದ ಅದುಮಿದಂತಿರುವುದು. ಅದರ ಎದೆಯ ಭಾಗವನ್ನು ಮೇಲಿನಿಂದ ನೋಡಿದವರಿಗೆ ಈ ಮಾತು ಸರಿಯೆನಿಸೀತು. ಫಾರ್ಮೈಕಾ ಎಂಬುದಂತೂ ಆಗ ಎಲ್ಲ ಇರುವೆಗಳಿಗೂ ಸಲ್ಲುತ್ತಿದ್ದ ಮನೆತನದ ಹೆಸರು. ಆ ಕಾಲದ ವರ್ಣನೆಗಳೆಂದರೆ ಒಂದೆರಡು ಸಾಲು ಲ್ಯಾಟಿನ್. ಇರುವೆ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಹೇಗೆ ಬಾಳುತ್ತದೆ ಎಂಬುದು ಸೂಜಿಗೆ ಚುಚ್ಚಿದ ಒಣ ದೇಹದಿಂದ ತಿಳಿಯತಕ್ಕದ್ದಲ್ಲ.

ಜೀವಂತ ಇರುವೆಯನ್ನು ಕಂಡವರ ಸಾಲಿನಲ್ಲಿ ಕರ್ನಲ್ ಸೈಕ್ಸನನ್ನು ನೆನೆಯಬೇಕು. ಮುಂಬಯಿ ಸರ್ಕಾರಕ್ಕಾಗಿ ದಖನ್ನಿನ ಅಂಕಿಅಂಶ ಕಲೆಹಾಕುತ್ತಿದ್ದ ಈ ಅಧಿಕಾರಿ ಪುಣೆಯಲ್ಲಿ ಇರುವೆಗಳೊಡನೆ ನಡೆಸಿದ ಯುದ್ಧವನ್ನು ೧೮೩೦ರ ದಶಕದಲ್ಲಿ ಲಂಡನ್ನಿನ ಕೀಟಶಾಸ್ತ್ರಜ್ಞರ ಮುಂದಿಟ್ಟ. ಊಟದ ಕೊನೆಗೆ ಬಡಿಸುವ ಹಣ್ಣು, ಸಿಹಿತಿಂಡಿಗಳನ್ನು ಒಂದು ಮೇಜಿನ ಮೇಲಿಟ್ಟು ಅದರ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಲಾಗಿತ್ತು. ನಮ್ಮ ಮನೆಗಳಲ್ಲಿ ಹಾಲು-ತುಪ್ಪದ ಬೀರುವಿಗೆ ಮಾಡುತ್ತಿದ್ದ ಉಪಾಯವೇ ಇದು. ದೊಡ್ಡ ಕರಿಯ ಇರುವೆಗಳು ನೀರನ್ನೂ ದಾಟಿದುವು. ಮೇಜಿನ ಕಾಲಿಗೆ ಟರ್ಪೆಂಟೈನ್ ಬಳಿದದ್ದಾಯಿತು. ಕೆಲವು ದಿನ ಶಾಂತಿ. ಆಮೇಲೆ ನೋಡಿದರೆ ಸಿಹಿಯ ಮೇಲೆ ಮತ್ತೆ ಇರುವೆ! ಕಾದು ನೋಡಿದಾಗ, ಅವು ಗೋಡೆ ಹತ್ತಿ, ಮೇಜಿಗಿಂತ ಒಂದಡಿ ಎತ್ತರದಿಂದ ಕೈಬಿಟ್ಟು ತಟ್ಟೆಯ ಕಡೆಗೆ ಬೀಳುತ್ತಿದ್ದುವು. ಸೈಕ್ಸ್ ಈ ಇರುವೆಗೆ ‘ಫಾರ್ಮೈಕಾ ಇಂಡಿಫೆಸಾ’ ಎಂದು ಹೆಸರಿಟ್ಟ. ದಣಿವರಿಯದದ್ದು ಎಂದು ಅದರ ಅರ್ಥ. ಇಂದು ಬಳಕೆಯಿಂದ ಬಿದ್ದುಹೋಗಿರುವ ಹೆಸರು ಅದು. ಆದರೂ ಇರುವೆಯ ಗುಣ ಹೇಳುವ ಆ ಹೆಸರಿಗೆ ಅದುಮಿದ ಎದೆಯ ಹೆಸರಿಗಿಂತ ಹೆಚ್ಚು ಜೀವವಿದೆ ಎಂದೇ ನನ್ನ ಭಾವನೆ.

ಬಡಗಿಯ ಬಿರುದು ಬಂದದ್ದು ಇದಾದ ಮೇಲೆ. ೧೮೬೧ರಲ್ಲಿ ಆಸ್ಟ್ರಿಯದ ಗುಸ್ತಾವ್ ಮಾಯರ್ ಯೂರೋಪಿನ ಇರುವೆಗಳನ್ನು ವಿಂಗಡಿಸುತ್ತ ‘ಕಾಂಪೊನೋಟಸ್’ ಎಂಬ ಹೊಸ ಕುಲವನ್ನು ಕಟ್ಟಿದ. ಗ್ರೀಕಿನಲ್ಲಿ ಬಾಗಿದ ಬೆನ್ನು ಎಂದರ್ಥ. ಪಕ್ಕದಿಂದ ನೋಡಿದರೆ ಈ ಇರುವೆಗಳ ಬೆನ್ನು ಬಿಲ್ಲಿನಂತೆ ನಯವಾಗಿ ಬಾಗಿರುವುದು ನಿಜ. ಈ ಕುಲಕ್ಕೆ ಮಾದರಿಯೆಂದು ನಿಂತದ್ದು ಯೂರೋಪಿನ ಕಾಡುಗಳ ‘ಲಿಗ್ನಿಪೆರ್ಡಸ್’, ಎಂದರೆ ಮರ ಕೆಡಿಸುವುದು. ಅದೂ ಅದರ ಅಮೆರಿಕದ ಬಂಧುಗಳೂ ಮರದ ದಿಮ್ಮಿಯನ್ನು ಕೊರೆದು ಒಳಗೆ ಕೋಣೆ ಮಾಡಿಕೊಳ್ಳುತ್ತವೆ. ಮರವನ್ನು ಗೆದ್ದಲಿನಂತೆ ತಿನ್ನುವುದಿಲ್ಲ, ಹೊಟ್ಟನ್ನು ಹೊರಗೆ ಚೆಲ್ಲುತ್ತವೆ. ಹೀಗೆ ಕುಲದ ಹಿರಿಯನ ಕಸುಬು ಮಣ್ಣಿನಲ್ಲಿ ಬಾಳುವ ಕಿರಿಯರ ತಲೆಗೂ ಕಟ್ಟಿತು. ಇಂದು ಈ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲರೂ ಬಡಗಿಗಳೆಂದರೆ ನಂಬುವವರಾರು?

ಈ ಕುಲದಲ್ಲಿ ಪ್ರಭೇದಗಳನ್ನು ಬೇರ್ಪಡಿಸುವುದು ಸುಲಭವಲ್ಲ. ಒಂದೇ ಗೂಡಿನಲ್ಲಿ ಒಂದೇ ತಾಯಿಯ ಮಕ್ಕಳಾದ ಕೆಲಸಗಾರ್ತಿಯರಲ್ಲಿ ಕೆಲವು ಚಿಕ್ಕವು, ಸಪೂರ. ಕೆಲವು ಹೆಚ್ಚುಕಡಿಮೆ ಎರಡರಷ್ಟು ಉದ್ದ, ಮುಂಡಕ್ಕೆ ಹೊಂದದ ದಪ್ಪ ತಲೆ. ನಡುವಣ ಅಳತೆಯವೂ ಉಂಟು. ಗೂಡು ಕಾಣದವನ ಕೈಗೆ ಒಂದು ದೊಡ್ಡದೂ ಒಂದು ಚಿಕ್ಕದೂ ಸಿಕ್ಕರೆ ಆತ ಎರಡು ಪ್ರಭೇದವೆಂದು ಬರೆದರೆ ಆಶ್ಚರ್ಯವಿಲ್ಲ. ಗೂಡುಗಳನ್ನು ಕಣ್ಣಾರೆ ಕಂಡು ಬರೆದವನು ಮದರಾಸಿನ ಸೇನಾವೈದ್ಯ ಜೆರ್ಡನ್. ಹಕ್ಕಿಗಳ ಗ್ರಂಥದಿಂದ ಪ್ರಸಿದ್ಧನಾದ ಈತ ೧೮೫೧ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು ಪ್ರಕಟಿಸಿದ. ತಲೆಯ ಹಿಂಭಾಗ ಕತ್ತಿನಂತೆ ಕಿರಿದಾಗಿರುವ ಕಾಡಿನ ‘ಆಂಗಸ್ಟಿಕಾಲಿಸ್’ ಎಂಬ ಗೊದ್ದದ ಬಂಧು ಆತ ಹೆಸರಿಟ್ಟದ್ದು.

ಮುಂದೆ ಮುಂಬಯಿಯ ಅರಣ್ಯಾಧಿಕಾರಿ ರಾಟನ್ ಇರುವೆಗಳನ್ನು ಕೂಡಿಸಿ ಸ್ವಿಟ್ಸರ್ಲೆಂಡಿನ ಆಗಸ್ಟ್ ಫೋರೆಲನಿಗೆ ಕಳಿಸತೊಡಗಿದ. ಫೋರೆಲ್ ಜ್ಯೂರಿಚ್ಚಿನ ಹುಚ್ಚಾಸ್ಪತ್ರೆಯ ಮುಖ್ಯಸ್ಥ. ಬಿಡುವಿನಲ್ಲಿ ಇರುವೆಗಳ ಮಹಾಪಂಡಿತ. ೧೮೯೨ರಿಂದ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಭಾರತ ಮತ್ತು ಸಿಂಹಳದ ಇರುವೆಗಳ ಮೇಲೆ ಆತನ ಲೇಖನಮಾಲೆ ಬಂತು. ಗೆಳೆಯನ ಋಣ ತೀರಿಸಲೆಂಬಂತೆ ಈ ಕುಲದ ಒಂದು ಪ್ರಭೇದಕ್ಕೆ ರಾಟನ್ನನ ಹೆಸರನ್ನೂ ಇಟ್ಟ. ಆದರೆ ಫೋರೆಲನಿಗೆ ಒಂದು ಚಪಲವಿತ್ತು: ಫಾಬ್ರಿಸಿಯಸನೇ ೧೭೮೨ರಲ್ಲಿ ಆಫ್ರಿಕದಿಂದ ವರ್ಣಿಸಿದ್ದ ‘ಮ್ಯಾಕುಲೇಟಸ್’ ಎಂಬ ಇರುವೆಯ ಕೊಡೆಯಡಿಗೆ ಹಲವು ಖಂಡಗಳ ನೆಂಟರನ್ನೆಲ್ಲ ಉಪಭೇದಗಳೆಂದು ಸೇರಿಸುವುದು. ಆಫ್ರಿಕ, ಏಷ್ಯ, ಆಸ್ಟ್ರೇಲಿಯ, ಅಮೆರಿಕಗಳ ಇರುವೆಗಳು ಹೀಗೆ ಒಂದೇ ಮನೆಯವಾದುವು. ನಮ್ಮ ಗೊದ್ದವೂ ಕೆಲಕಾಲ ಆ ಆಫ್ರಿಕದ ಇರುವೆಯ ಶಾಖೆಯಾಗಿ ಉಳಿಯಬೇಕಾಯಿತು. ೧೯೦೩ರಲ್ಲಿ ಕರ್ನಲ್ ಬಿಂಗ್ಹ್ಯಾಂ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಇರುವೆಗಳ ಸಂಪುಟದಲ್ಲಿ ಅದನ್ನು ಸ್ವತಂತ್ರ ಪ್ರಭೇದವೆಂದೇ ಎಣಿಸಿದ. ಮುಂದಿನವರೂ ಹಾಗೆಯೇ ನಡೆದರು.

ಈ ಮಾತು ಬರಿಯ ಪಂಡಿತರ ಜಗಳವೆಂದು ಓದುಗರು ತಳ್ಳಿಹಾಕಬಾರದು. ಹೆಸರು ಹಿಗ್ಗಿದರೆ ಇರುವೆಯ ನಾಡೂ ಹಿಗ್ಗುತ್ತದೆ. ಹೆಸರು ಕುಗ್ಗಿದರೆ ನಕ್ಷೆಯೂ ಕುಗ್ಗುತ್ತದೆ. ಬೇರ್ಪಡಿಸಿ ನೋಡಿದ ಮೇಲೆ ಗೊದ್ದದ ನಾಡು ಯಾವುದೆಂಬುದು ಸ್ಪಷ್ಟವಾಗುತ್ತ ಬಂದಿದೆ: ಹಿಮಾಲಯದ ಎತ್ತರಗಳನ್ನು ಬಿಟ್ಟು ಭಾರತದ ಬಹುಭಾಗ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಬರ್ಮಾ. ನಮ್ಮ ರಾಜ್ಯದ ಇರುವೆಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮುಸ್ತಾಕ್ ಅಲಿಯವರು ೧೯೯೧–೯೨ರಲ್ಲಿ ಪಟ್ಟಿಮಾಡಿದರು. ನೆರಳಿನ ಕಾಡನ್ನು ಬಿಟ್ಟುಬಾರದ ಆಂಗಸ್ಟಿಕಾಲಿಸ್‌ಗಿಲ್ಲದ ಸೌಕರ್ಯ ಗೊದ್ದಕ್ಕಿದೆ: ಅದಕ್ಕೆ ಹೊಲದ ಬದು, ರಸ್ತೆಯ ಸಾಲುಮರ, ಪಾರ್ಕಿನ ಹುಲ್ಲು, ಹಿತ್ತಿಲು ಎಲ್ಲವೂ ಒಂದೇ. ಜಾಲಿಯ ಎಳೆಯ ಕೊಂಬೆಗಳ ಮೇಲೆ ರಸ ಹೀರುವ ಕೋಡುಳ್ಳ ಪುಟ್ಟ ಹುಳುಗಳನ್ನು ಅದು ದನ ಕಾಯ್ದಂತೆ ಕಾಯ್ದು, ಅವು ಒಸರುವ ಸಿಹಿನೀರನ್ನು ಹೀರುತ್ತದೆ. ಹುಳುಗಳ ಹತ್ತಿರ ಬೆರಳು ಒಯ್ದರೆ ಕಚ್ಚಿ, ಹಿಂಬದಿಯಿಂದ ಆಮ್ಲ ಚಿಮುಕಿಸಿ ಓಡಿಸುತ್ತದೆ; ಕೊಂಡಿಯಿಲ್ಲ. ಮಳೆ ಬಿದ್ದ ಬಳಿಕ ರೆಕ್ಕೆ ಬಂದ ರಾಣಿಗಳು ಗೂಡು ಬಿಟ್ಟು ಹಾರುತ್ತವೆ. ಜೊತೆಗೂಡಿ ಕೆಳಗಿಳಿದ ರಾಣಿ ರೆಕ್ಕೆ ಕಳಚಿ ತೇವದ ಮಣ್ಣನ್ನು ಕೆದರಿ ಪುಟ್ಟ ಬಿಲವೊಂದನ್ನು ತೋಡಿ, ಒಳಗಿನಿಂದ ಬಾಯಿ ಮುಚ್ಚಿಕೊಂಡು, ಹೊರಗೆ ಬಾರದೆ, ಮೈಯಲ್ಲಿ ಕೂಡಿಟ್ಟದ್ದರಿಂದಲೇ ಮೊದಲ ಮರಿಗಳನ್ನು ಸಾಕುತ್ತದೆ.